ಕೊಬ್ಬಿನ ಗುಳ್ಳೆಯಲ್ಲಿ ಬಂದ ಕೆಂಪು ಔಷಧ

ನಮ್ಮ ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದ ಮೇಲೆ, ನಾಲ್ಕು ವಾರಕ್ಕೊಮ್ಮೆ ಅವರನ್ನು ಶಿರಸಿಯಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ನರ್ಸ್ ಡೆಕ್ಸ್ಟ್ರೋಸ್ ಚೀಲಕ್ಕೆ ಬೆರೆಸಿದ ಔಷಧದ ಬಣ್ಣ ಮುರುಗಲು ಪಾನಕದಂತೆ ಕೆಂಪಾಗಿತ್ತು. ಆದರೆ ಪಾನಕದಷ್ಟು ತಿಳಿಯಾಗಿರದೆ, ಹನಿ ಹಾಲು ಬಿದ್ದಂತೆ ಮಸುಕಾಗಿತ್ತು. ಪಕ್ಕದ ಹಾಸಿಗೆಯವರೊಬ್ಬರು, "ಇದು ಗಡ್ಡೆ ಇದ್ದಲ್ಲಿಗೇ ಹೋಗುವ ಔಷಧವಂತೆ" ಎಂದರು. ಆ ಮಾತು ಎಷ್ಟು ನಿಜ ಎಂದು ಓದಿ ತಿಳಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಔಷಧ ಹೊಸದಲ್ಲ. ಡಾಕ್ಸೊರುಬಿಸಿನ್ ಎಂಬ ಈ ಕ್ಯಾನ್ಸರ್ ಔಷಧ ಹಲವು ದಶಕಗಳಿಂದ ಬಳಕೆಯಲ್ಲಿದೆ. ಹೃದಯದ ಸ್ನಾಯುವನ್ನು ಹಾಳುಮಾಡುವುದು ಅದರ ದೊಡ್ಡ ದೋಷವಾದ್ದರಿಂದ, ಒಬ್ಬ ರೋಗಿಗೆ ಜೀವಮಾನದಲ್ಲಿ ಇಷ್ಟೇ ಕೊಡಬೇಕೆಂಬ ಮಿತಿಯಿದೆ. ಹೊಸದಾಗಿರುವುದು ಅದನ್ನು ತುಂಬಿದ ಪಾತ್ರೆ. ಕೆಲವು ಕೊಬ್ಬುಗಳು ನೀರಿನಲ್ಲಿ ತಾವಾಗಿಯೇ ಟೊಳ್ಳು ಗುಳ್ಳೆಗಳಾಗುವುದನ್ನು ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ಗುರುತಿಸಿದ್ದರು. ಜೆರುಸಲೇಮಿನ ಬಾರೆನ್‌ಹೋಲ್ಜ್ ಮತ್ತು ಗ್ಯಾಬಿಜಾನ್ ಅಂಥ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ಅಣುಗಳನ್ನು ಸಾವಿರಗಟ್ಟಲೆ ತುಂಬುವ ದಾರಿ ಕಂಡುಕೊಂಡರು. 1995ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಒಂದೊಂದು ಗುಳ್ಳೆಯ ಅಡ್ಡಳತೆ ಸುಮಾರು 80ರಿಂದ 100 ನ್ಯಾನೊಮೀಟರ್, ಎಂದರೆ ತಲೆಗೂದಲಿನ ದಪ್ಪದಲ್ಲಿ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು.

ಈ ಗುಳ್ಳೆಗೆ ಗುರಿ ಗೊತ್ತಿಲ್ಲ. ಆರೋಗ್ಯವಾಗಿರುವ ಹೃದಯದ ರಕ್ತನಾಳಗಳ ಗೋಡೆ ಬಿಗಿಯಾಗಿರುವುದರಿಂದ ಅದು ಅಲ್ಲಿ ಹೊರಬೀಳಲಾರದು. ಗಡ್ಡೆಯಲ್ಲಿ ಅವಸರದಿಂದ ಬೆಳೆದ ನಾಳಗಳಲ್ಲಿ ಬಿರುಕುಗಳಿರುವುದರಿಂದ ಅಲ್ಲಿ ಸೋರಿ ಉಳಿದುಕೊಳ್ಳುತ್ತದೆ. ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ವಿವರಿಸಿದ್ದು ಈ ಸೋರಿಕೆಯನ್ನೇ. ಸೋರುವ ಜಾಗ ಸಿಗುವವರೆಗೆ ಗುಳ್ಳೆ ರಕ್ತದಲ್ಲಿ ಸುತ್ತುತ್ತಿರಬೇಕಷ್ಟೆ. ಅದಕ್ಕಾಗಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪದಾರ್ಥದ ಹೊದಿಕೆ ಹಾಕುತ್ತಾರೆ. ಅದಿಲ್ಲದಿದ್ದರೆ ಯಕೃತ್ತು ಮತ್ತು ಗುಲ್ಮದ ಕಾವಲು ಕೋಶಗಳು ಗುಳ್ಳೆಯನ್ನು ಬೇಗನೆ ಹಿಡಿದು ನುಂಗುತ್ತವೆ.

ಹೊದಿಕೆಯಿದ್ದರೂ ನುಂಗುವುದು ತಪ್ಪುವುದಿಲ್ಲ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಚುಚ್ಚಿದ ನ್ಯಾನೊಕಣಗಳಲ್ಲಿ, ಎಂದರೆ ಈ ಗುಳ್ಳೆಯಂಥ ಅತಿಸಣ್ಣ ಕಣಗಳಲ್ಲಿ, ಗಡ್ಡೆಯನ್ನು ತಲುಪುವ ಪಾಲಿನ ಮಧ್ಯಾಂಕ (ಎಲ್ಲ ಲೆಕ್ಕಗಳನ್ನು ಸಾಲಾಗಿ ಇಟ್ಟಾಗ ನಡುವೆ ಬರುವುದು) ಶೇಕಡಾ 0.7 ಮಾತ್ರ. (ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಅಡಿಕೆ ಗೊನೆಗೆ ತಾಗದೆ ನೆಲದ ಪಾಲಾಗುವ ಬೋರ್ಡೋ ದ್ರಾವಣವನ್ನು ನೋಡಿ ಮರುಗುವ ನಮ್ಮ ಕಡೆಯ ತೋಟಿಗರಿಗೆ ಈ ಲೆಕ್ಕ ಕೇಳಿದರೆ ಸಮಾಧಾನವಾದೀತು.) ಹೀಗಿರುವಾಗ ಇದನ್ನು "ಗುರಿ ತಲುಪುವ ಔಷಧ" ಎನ್ನುವುದಕ್ಕಿಂತ "ಹೃದಯವನ್ನು ಬಿಟ್ಟು ಹೋಗುವ ಔಷಧ" ಎಂದು ಕರೆಯುವುದೇ ಪ್ರಾಮಾಣಿಕ ಎನಿಸುತ್ತದೆ. ಇನ್ನು ಯಕೃತ್ತೇ ಗುರಿಯಾದಾಗ, ಅಲ್ಲಿಗೇ ಹೋಗಿ ಸೇರುವ ಈ ದೋಷವೇ ಗುಣವಾಗುತ್ತದೆ: ವಂಶಪಾರಂಪರ್ಯವಾಗಿ ಬರುವ ಒಂದು ನರರೋಗಕ್ಕೆ 2018ರಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಕೊಬ್ಬಿನ ಕಣದಲ್ಲಿ ಕುಳಿತು ನೇರವಾಗಿ ಯಕೃತ್ತಿನ ಕೋಶವನ್ನೇ ಸೇರುತ್ತದೆ.

ದಿನಗಟ್ಟಲೆ ರಕ್ತದಲ್ಲಿ ಸುತ್ತುವ ಔಷಧಕ್ಕೆ ಬೇರೊಂದು ಬೆಲೆಯೂ ಇದೆ. ಉಜ್ಜಿಕೆ, ಒತ್ತಡ, ಶಾಖ ಬೀಳುವ ಅಂಗೈ ಅಂಗಾಲುಗಳಲ್ಲಿಯೂ ಅದು ಸೋರುತ್ತದೆ. ಎರಡನೆಯ ಸುತ್ತು ಮುಗಿದು ಮನೆಯಲ್ಲಿ ಅಡಿಕೆ ಸುಲಿತ ನಡೆಯುತ್ತಿದ್ದಾಗ, ಚಿಕ್ಕಮ್ಮ ಯಾರ ಮಾತನ್ನೂ ಕೇಳದೆ ಮೆಟ್ಟುಗತ್ತಿಯ ಮುಂದೆ ಕುಳಿತರು. ಮೂರನೆಯ ದಿನಕ್ಕೆ ಅವರ ಅಂಗೈ ಕೆಂಪಾಗಿ, ಹೆಬ್ಬೆರಳಿನ ಬುಡದಲ್ಲಿ ಚರ್ಮ ಹಾಳೆಯಂತೆ ಎದ್ದಿತ್ತು. ಡಾಕ್ಟರು ಬಿಸಿನೀರು, ಸುಲಿತ ಎರಡನ್ನೂ ಬಿಡಿಸಿ, ಮುಂದಿನ ಸುತ್ತನ್ನು ಒಂದು ವಾರ ಮುಂದೂಡಿದರು. ಹೃದಯದ ಎಕೋ ವರದಿ ಮಾತ್ರ ಮೊದಲಿನಂತೆಯೇ ಇತ್ತು.