ಹಳೇ ಸ್ಯಾಂಪಲ್ ಕಲಿಸಿದ ಪಾಠ

ರಕ್ತದಲ್ಲಿ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್, ಇದೆಯೇ ಅಂತ ಹುಡುಕುವ ಎಲೈಸಾ ಪರೀಕ್ಷೆಯ ಪ್ಲೇಟಿನಲ್ಲಿ 96 ಗುಳಿಗಳಿರುತ್ತವೆ. ಸೀರಂನಲ್ಲಿ, ಅಂದರೆ ರಕ್ತದ ತಿಳಿ ಭಾಗದಲ್ಲಿ, ಪ್ರತಿಕಾಯ ಇದ್ದರೆ ಗುಳಿಯ ನೀರು ನೀಲಿಯಾಗುತ್ತದೆ, ಕೊನೆಗೆ ಆಸಿಡ್ ಹನಿಸಿದಾಗ ಹಳದಿಗೆ ತಿರುಗುತ್ತದೆ. 2020ರಲ್ಲಿ ಕೀನ್ಯಾದ ಕರಾವಳಿಯ ಒಂದು ಲ್ಯಾಬಿನಲ್ಲಿ ಕೊರೊನಾ ಪ್ರತಿಕಾಯ ಹುಡುಕುವ ಅಂಥದೊಂದು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಎಲ್ಲವೂ ಐದು ವರ್ಷದೊಳಗಿನ ಮಕ್ಕಳ ಸ್ಯಾಂಪಲ್. ನಾನು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಗುಳಿಗಳು ಅರಿಸಿನ ಕದಡಿದ ಹಾಗೆ ಹಳದಿಯಾಗಿದ್ದವು.

ಕೀನ್ಯಾದಲ್ಲಿ ಕೋವಿಡ್‌ನ ಮೊದಲ ಕೇಸು ಗೊತ್ತಾಗಿದ್ದು ಆ ವರ್ಷ ಮಾರ್ಚ್ 13ರಂದು. ಆಮೇಲೆ ವಾರ್ಡಿನಲ್ಲಿ ಕೊರೊನಾ ಅಂತ ಮಲಗಿದ ಮಕ್ಕಳು ತೀರಾ ಕಡಿಮೆ. ಊರಿಂದ ಅಮ್ಮ ಫೋನ್ ಮಾಡಿದಾಗಲೂ ಅದೇ ಮಾತು: "ಅಲ್ಲಿ ಮಕ್ಕಳಿಗೆ ಅದು ತಾಗೋದೇ ಇಲ್ವಂತೆ, ಹೌದೇನೇ?" ಹಳದಿ ಗುಳಿಗಳನ್ನು ನೋಡಿ ನನಗೆ ಉತ್ತರ ಸಿಕ್ಕಿತು ಅನ್ನಿಸಿತು. ಸೋಂಕು ಸದ್ದಿಲ್ಲದೆ ಬಂದು ಹೋಗಿದೆ, ಮಕ್ಕಳಿಗೆಲ್ಲ ರೋಗನಿರೋಧಕ ಶಕ್ತಿ ಬಂದಿದೆ ಅಂತ ಮೀಟಿಂಗಿಗೆ ಟೇಬಲ್ ಕೂಡ ತಯಾರು ಮಾಡಿದೆ.

ಲ್ಯಾಬಿನಲ್ಲಿ ನಮಗೆಲ್ಲ ಹಿರಿಯರಾದ ಟೆಕ್ನೀಷಿಯನ್ ಒಬ್ಬರಿದ್ದರು. ನಾವು ಅವರನ್ನು 'ಮ್ಝೀ' ಅನ್ನುತ್ತಿದ್ದೆವು, ಅಂದರೆ ಹಿರಿಯರು. ಅವರು ನನ್ನನ್ನು 'ದಾದಾ' ಅನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಹಾಗಂದರೆ ಅಕ್ಕ. ಟೇಬಲ್ ನೋಡಿ ಅವರು ಕೇಳಿದ್ದು ಒಂದೇ: "ದಾದಾ, 2018ರ ಮಕ್ಕಳ ಸ್ಯಾಂಪಲ್ಲನ್ನೂ ಈ ಕಿಟ್‌ನಲ್ಲೇ ಹಾಕಿ ನೋಡಿದ್ದೀಯಾ?"

ನೋಡಿರಲಿಲ್ಲ. ಕಿಟ್ ಜೊತೆ ಬಂದ ಕಾಗದದಲ್ಲಿ ಇಷ್ಟರ ಮೇಲೆ ಬಂದರೆ ಪಾಸಿಟಿವ್ ಅಂತ ಬರೆದಿತ್ತು, ನಾನು ಅದನ್ನು ನಂಬಿದ್ದೆ. ಆ ಗೆರೆ ಎಳೆದಿದ್ದು ದೂರದ ದೇಶವೊಂದರ ದೊಡ್ಡವರ ರಕ್ತ ನೋಡಿ. ಮಾರನೆಯ ದಿನ ಮೈನಸ್ 80 ಡಿಗ್ರಿ ಫ್ರೀಜರಿನಿಂದ ಬೇರೆ ಅಧ್ಯಯನಕ್ಕೆಂದು ಎತ್ತಿಟ್ಟಿದ್ದ 2018ರ ಡಬ್ಬಿ ತೆಗೆದು, ಐಸಿನ ಮೇಲೆ ಕರಗಿಸಿ, ಪ್ಲೇಟು ಹಾಕಿದೆ. ಸಂಜೆ ಹೊತ್ತಿಗೆ ಆ ಗುಳಿಗಳಲ್ಲೂ ಕೆಲವು ಹಳದಿ! ಕೋವಿಡ್ ಅನ್ನುವ ರೋಗವೇ ಇಲ್ಲದ ವರ್ಷದ ರಕ್ತ ಅದು. ಕೈಯಲ್ಲಿ ಪಿಪೆಟ್ ಹಿಡಿದು ಸುಮಾರು ಹೊತ್ತು ಹಾಗೇ ನಿಂತಿದ್ದೆ.

ಕಾರಣ ಇದೆ. ಮನುಷ್ಯರಿಗೆ ಬರೀ ನೆಗಡಿ ತರುವ ಕೊರೊನಾ ವೈರಸ್‌ಗಳು ನಾಲ್ಕಿವೆ: 229ಇ, ಒಸಿ43, ಎನ್‌ಎಲ್63, ಎಚ್‌ಕೆಯು1. ಮಕ್ಕಳಿಗೆ ಇವು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲೇ ಬಂದು ಹೋಗುತ್ತವೆ. ವೈರಸ್ಸಿನ ಒಳಗಿರುವ ಎನ್ ಪ್ರೋಟೀನಿನಲ್ಲಿ ಇವಕ್ಕೂ ಕೋವಿಡ್ ತರುವ ಹೊಸ ವೈರಸ್ಸಿಗೂ ಕೆಲವು ಭಾಗಗಳಲ್ಲಿ ಹೋಲಿಕೆಯಿದೆ. ನಮ್ಮ ಕಿಟ್ ಹುಡುಕುತ್ತಿದ್ದದ್ದು ಆ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನೇ. ಸಾಲದ್ದಕ್ಕೆ ಕರಾವಳಿಯಲ್ಲಿ ಮಲೇರಿಯಾ. ಪದೇ ಪದೇ ಮಲೇರಿಯಾ ಬಂದ ಮಗುವಿನ ರಕ್ತದಲ್ಲಿ ಕಂಡಕಂಡದ್ದಕ್ಕೆ ಅಂಟುವ ಪ್ರತಿಕಾಯಗಳೂ ಇರುತ್ತವೆ. ಟಾಂಜಾನಿಯಾ ಮತ್ತು ಜಾಂಬಿಯಾದ ಹಳೇ ಸ್ಯಾಂಪಲ್‌ಗಳನ್ನು ಪರೀಕ್ಷೆ ಮಾಡಿದವರಿಗೂ ಇಂಥ ಅಡ್ಡ ಪ್ರತಿಕ್ರಿಯೆ ಅಮೆರಿಕದ ಸ್ಯಾಂಪಲ್‌ಗಳಿಗಿಂತ ಹೆಚ್ಚು ಕಂಡಿತ್ತು.

ಹೊಸಬರಿಗೆ ನಾನು ಈಗ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಸಾವಿರ ಮಕ್ಕಳಲ್ಲಿ ನಿಜವಾಗಿ ಸೋಂಕು ತಗುಲಿದವರು 40 ಅಂದುಕೊಳ್ಳಿ. ಉಳಿದ 960 ಮಕ್ಕಳಲ್ಲಿ ನೂರಕ್ಕೆ ಐದರಂತೆ ಟೆಸ್ಟ್ ತಪ್ಪಾಗಿ ಪಾಸಿಟಿವ್ ತೋರಿಸಿದರೆ 48 ಆಯಿತು. ನಿಜಕ್ಕಿಂತ ಸುಳ್ಳೇ ಹೆಚ್ಚು.

ಅಂಟುವುದು ಬೇರೆ, ತಡೆಯುವುದು ಬೇರೆ ಅನ್ನುವುದು ನನಗೆ ನಾಟಿದ್ದೂ ಆಗಲೇ. ಎನ್ ಪ್ರೋಟೀನ್ ವೈರಸ್ಸಿನ ಹೊಟ್ಟೆಯೊಳಗೆ ಇರುವಂಥದ್ದು. ಅದಕ್ಕೆ ಅಂಟುವ ಪ್ರತಿಕಾಯ ಎಷ್ಟೇ ಇದ್ದರೂ ವೈರಸ್ ಜೀವಕೋಶದೊಳಗೆ ನುಗ್ಗುವುದನ್ನು ಅದು ತಡೆಯಲಾರದು. ಹಾಗೆ ತಡೆಯಬಲ್ಲದ್ದು ವೈರಸ್ಸಿನ ಹೊರಮೈ ಮೇಲೆ ಮುಳ್ಳಿನಂತಿರುವ ಸ್ಪೈಕ್ ಪ್ರೋಟೀನಿನ ಮೇಲೆ ಕೂರುವ ಪ್ರತಿಕಾಯ. ನಾನು ಟೇಬಲ್ಲಿನಲ್ಲಿ 'ರೋಗನಿರೋಧಕ ಶಕ್ತಿ' ಅಂತ ಬರೆದಿದ್ದೆನಲ್ಲ, ಅದನ್ನು ಹೇಳುವ ಯಾವ ಆಧಾರವೂ ನನ್ನ ಬಳಿ ಇರಲಿಲ್ಲ.

ಟೇಬಲ್ ಹಿಂದಕ್ಕೆ ತೆಗೆದುಕೊಂಡೆ. ಸ್ಪೈಕ್ ಟೆಸ್ಟಿಗೆ ಬದಲಾದೆವು, ಗೆರೆಯನ್ನು ನಮ್ಮ 2018ರ ಮಕ್ಕಳ ರಕ್ತದಿಂದಲೇ ಎಳೆದೆವು. ಕೀನ್ಯಾ ಕರಾವಳಿಯ ಕಿಲಿಫಿ ಊರಿನ ಸಂಶೋಧಕರು ರಕ್ತದಾನಿಗಳ ಸಮೀಕ್ಷೆಯಲ್ಲಿ ಮೊದಲಿಂದಲೇ ಹೀಗೆ 2018ರ ಸ್ಯಾಂಪಲ್ ಇಟ್ಟುಕೊಂಡು ಟೆಸ್ಟನ್ನು ಒರೆಗೆ ಹಚ್ಚಿದ್ದರು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅವರ ಲೆಕ್ಕದಲ್ಲಿ ಪ್ರತಿಕಾಯ ಇದ್ದವರು ಶೇ. 4.3. ಆದರೆ ರಕ್ತದಾನಿಗಳಲ್ಲಿ ಚಿಕ್ಕ ಮಕ್ಕಳು ಇರುವುದಿಲ್ಲ. ಹೆಚ್ಚುಕಡಿಮೆ ಅರ್ಧ ಜನ ಇಪ್ಪತ್ತು ದಾಟದ ಖಂಡದಲ್ಲಿ ಮಕ್ಕಳ ಲೆಕ್ಕ ಹಾಗೇ ಬಾಕಿ ಉಳಿಯುತ್ತದೆ. ಇದು ನನ್ನನ್ನು ಈಗಲೂ ಕಾಡುತ್ತದೆ.

ಸೋಂಕು ಮಕ್ಕಳನ್ನು ಬಿಟ್ಟಿತ್ತು ಅಂತಲೂ ಅಲ್ಲ. ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯದಲ್ಲಿ 2021ರ ಕೊನೆಗೆ, ಒಮಿಕ್ರಾನ್ ಅಲೆ ಏಳುವ ಮೊದಲೇ, 12 ವರ್ಷದೊಳಗಿನ ಮಕ್ಕಳಲ್ಲಿ ಶೇ. 56.2 ಮಂದಿಗೆ ಪ್ರತಿಕಾಯ ಇತ್ತು. ಆ ವಯಸ್ಸಿಗೆ ಅಲ್ಲಿ ಲಸಿಕೆ ಕೊಟ್ಟಿರಲಿಲ್ಲ, ಹಾಗಾಗಿ ಅದು ಸೋಂಕಿನಿಂದಲೇ ಬಂದದ್ದು. ಬಹುಪಾಲು ಮಕ್ಕಳು ಗೆದ್ದುಕೊಂಡರು. ಮಕ್ಕಳ ಮೂಗಿನ ಒಳಪದರ ವೈರಸ್ಸಿಗೆ ದೊಡ್ಡವರದಕ್ಕಿಂತ ಬೇಗ ಎದುರು ನಿಲ್ಲುತ್ತದೆ ಅನ್ನುವುದು ಅದಕ್ಕೊಂದು ಕಾರಣ. ಎಲ್ಲರೂ ಗೆಲ್ಲಲಿಲ್ಲ. ಕೀನ್ಯಾ ಸೇರಿ ಆಫ್ರಿಕಾದ ಆರು ದೇಶಗಳ 25 ಆಸ್ಪತ್ರೆಗಳಲ್ಲಿ 2020ರಲ್ಲಿ ಕೋವಿಡ್‌ನಿಂದ ದಾಖಲಾದ 469 ಮಕ್ಕಳು, ಹದಿಹರೆಯದವರ ಪೈಕಿ 39 ಮಂದಿ ತೀರಿಕೊಂಡರು. ಅಮ್ಮನಿಗೆ ಈ ಸಂಖ್ಯೆ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಒಮ್ಮೆ ಸ್ಯಾಂಪಲ್ ತರಲು ಡಿಸ್ಪೆನ್ಸರಿಗೆ ಹೋಗಿದ್ದೆ. ಬೆನ್ನಿಗೆ ಲೆಸೋ ಬಟ್ಟೆಯಲ್ಲಿ ಮಗುವನ್ನು ಕಟ್ಟಿಕೊಂಡಿದ್ದ ತಾಯಿಯೊಬ್ಬಳು ನನ್ನನ್ನು ನಿಲ್ಲಿಸಿ ಕೇಳಿದಳು: "ಪಾಸಿಟಿವ್ ಬಂದರೆ ಇವನಿಗೆ ಇನ್ನು ಆ ಕಾಯಿಲೆ ಬರಲ್ಲ ತಾನೇ?" ಹಾಗೆ ಹೇಳಲಿಕ್ಕೆ ಬರುವುದಿಲ್ಲ ಮಾಮಾ (ಅಲ್ಲಿ ತಾಯಂದಿರನ್ನು ಕರೆಯುವುದು ಹೀಗೆ), ಒಮ್ಮೆ ಬಂದು ಹೋಗಿರಬಹುದು ಅಂತಷ್ಟೇ ಈ ಟೆಸ್ಟ್ ಹೇಳುತ್ತದೆ ಅಂದೆ. ಅವಳ ಕೈಯಲ್ಲಿದ್ದ ತಾಯಿ-ಮಗುವಿನ ಆರೋಗ್ಯ ಪುಸ್ತಕ ತೆರೆದು ನೋಡಿದರೆ ದಡಾರದ ಎರಡನೇ ಡೋಸಿನ ಜಾಗ ಖಾಲಿಯಿತ್ತು. ಹದಿನೆಂಟು ತಿಂಗಳಿಗೆ ಆಗಬೇಕಿತ್ತು; ಲಾಕ್‌ಡೌನ್ ದಿನಗಳಲ್ಲಿ ಭಯಪಟ್ಟು ಬಂದಿರಲಿಲ್ಲವಂತೆ. ಲಸಿಕೆ ಕೋಣೆ ಪಕ್ಕದಲ್ಲೇ ಇತ್ತು. ಇಬ್ಬರೂ ಹೋಗಿ ಸಾಲಿನಲ್ಲಿ ನಿಂತೆವು.