ಫಿಟ್ಟರ್ ಮೊದಲೇ ಹೇಳಿದ್ದ

ತಿರುಗುವ ಮಷೀನುಗಳ ವೈಬ್ರೇಷನ್ ಅಳೆಯುವುದು ನನ್ನ ಕೆಲಸ. ಒಮ್ಮೆ ಒಂದು ಸಕ್ಕರೆ ಕಾರ್ಖಾನೆಯಿಂದ ಕರೆ ಬಂತು. ಬಾಯ್ಲರ್‌ನ ಹೊಗೆ ಎಳೆದು ಚಿಮಣಿಗೆ ಕಳಿಸುವ ಐಡಿ ಫ್ಯಾನ್ ವಿಪರೀತ ಅದುರುತ್ತಿದೆ, ಆದರೆ ಎಲ್ಲ ಹೊತ್ತಿನಲ್ಲೂ ಅಲ್ಲ. ಕಬ್ಬು ಅರೆಯುವ ಸೀಸನ್ ಬೇರೆ. ಫ್ಯಾನ್ ನಿಂತರೆ ಬಾಯ್ಲರ್ ನಿಂತ ಹಾಗೆಯೇ.

ಬೇರಿಂಗ್ ಮೇಲೆ ಸೆನ್ಸರ್ ಕೂರಿಸುತ್ತಿದ್ದಾಗ ಫಿಟ್ಟರ್ ಒಬ್ಬರು, "ಸಾರ್, ಇದು ಆಫ್ ಮಾಡಿದ ಮೇಲೆ ಇಳೀತಾ ಇಳೀತಾ ಒಂದು ಕಡೆ ಜೋರಾಗಿ ನಡುಗುತ್ತೆ, ಆಮೇಲೆ ಸುಮ್ನಾಗುತ್ತೆ" ಅಂದರು. ನಾನು ಹೂಂಗುಟ್ಟಿ, ಹತ್ತು ನಿಮಿಷ ರೆಕಾರ್ಡ್ ಮಾಡಿ, ಯಾವ ಹರ್ಟ್ಸ್‌ನ ನಡುಕ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಎಫ್‌ಎಫ್‌ಟಿ ಸರಾಸರಿ ತೆಗೆದೆ. ಚೂಪಾದ ಗೆರೆಗಳ ಬದಲು ಒಂದು ಅಗಲವಾದ ಗುಡ್ಡ ಬಂತು. ಬೋಲ್ಟ್ ಸಡಿಲ ಎಂದು ಬರೆದುಕೊಟ್ಟೆ. ಬಿಗಿ ಮಾಡಿದರು. ಅದುರುವುದು ಹಾಗೇ ಇತ್ತು.

ತಪ್ಪು ಸರಾಸರಿಯಲ್ಲಿತ್ತು. ಫ್ಯಾನ್ ಓಡುವುದು, ಮೋಟರಿಗೆ ಹೋಗುವ ಕರೆಂಟಿನ ಹರ್ಟ್ಸ್ ಬದಲಿಸಿ ಸ್ಪೀಡ್ ಹೊಂದಿಸುವ ವಿಎಫ್‌ಡಿ ಮೇಲೆ. ಬಾಯ್ಲರ್ ಲೋಡ್ ಏರಿಳಿದಂತೆ ಸ್ಪೀಡೂ ಬದಲಾಗುತ್ತದೆ. ಆ ಹತ್ತು ನಿಮಿಷವನ್ನು ನಾನು ರುಬ್ಬಿ ಚಟ್ನಿ ಮಾಡಿದ್ದೆ. ಯಾವುದು ಯಾವಾಗ ಬಂತು ಎನ್ನುವುದೇ ಉಳಿದಿರಲಿಲ್ಲ.

ಮುಂದೆ ಕ್ಲೀನಿಂಗ್‌ಗೆ ನಿಲ್ಲಿಸಿದ ದಿನ ಮತ್ತೆ ಹೋದೆ. ಸ್ವಿಚ್ ಆಫ್ ಆದಾಗಿನಿಂದ ಪೂರ್ತಿ ನಿಲ್ಲುವ ತನಕ, ಸುಮಾರು ನಾಲ್ಕು ನಿಮಿಷ, ರೆಕಾರ್ಡ್ ಮಾಡಿದೆ. ಈ ಸಲ ತೆಗೆದದ್ದು ಸ್ಪೆಕ್ಟ್ರೋಗ್ರಾಮ್. ಸಿಗ್ನಲನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದಕ್ಕೂ ಎಫ್‌ಎಫ್‌ಟಿ ತೆಗೆದು ಪಕ್ಕಪಕ್ಕ ಜೋಡಿಸುವುದು. ತುಂಡು ಎಷ್ಟುದ್ದ ಎನ್ನುವುದೇ ತಲೆನೋವು. ಎಂಟು ಸೆಕೆಂಡ್ ಇಟ್ಟರೆ ಅಷ್ಟರಲ್ಲಿ ಸ್ಪೀಡ್ ಇಳಿದು ಗೆರೆ ಕಲಸಿಹೋಗುತ್ತಿತ್ತು. ಕಾಲು ಸೆಕೆಂಡ್ ಇಟ್ಟರೆ 4 ಹರ್ಟ್ಸ್‌ಗಿಂತ ಹತ್ತಿರದ ಎರಡು ಗೆರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಎರಡು ಸೆಕೆಂಡ್ ಸರಿಹೋಯಿತು.

ಒಂದು ಗೆರೆ ಸ್ಪೀಡ್ ಜೊತೆ ಜಾರುತ್ತಾ ಇಳಿಯುತ್ತಿತ್ತು. ಅದು ಫ್ಯಾನಿನ ಸುತ್ತು. ಇನ್ನೊಂದು ಮಸುಕಾಗಿ, 18 ಹರ್ಟ್ಸ್‌ನಲ್ಲಿ ಅಲ್ಲಾಡದೆ ಅಡ್ಡ ಮಲಗಿತ್ತು. ಅದು ಕೆಳಗಿನ ಕಬ್ಬಿಣದ ಬೇಸ್‌ನ ಸ್ವಂತ ನಡುಕ. ಎರಡೂ ಕೂಡಿದ ಜಾಗ ಕೆಂಡದ ಹಾಗೆ ಹೊಳೆಯುತ್ತಿತ್ತು. 18 ಗುಣಿಸು 60, ಅಂದರೆ 1080 ಆರ್‌ಪಿಎಂ. ರೆಸೊನನ್ಸ್! ಸುತ್ತು ಬೇಸ್‌ನ ಸ್ವಂತ ನಡುಕಕ್ಕೆ ತಾಳೆಯಾಗಿ ಅದುರುವುದು ಜೋರಾಗುತ್ತಿತ್ತು. ಲೋಡ್ ಕಮ್ಮಿಯಾದಾಗ ಫ್ಯಾನ್ ಸರಿಯಾಗಿ ಅದೇ ಸ್ಪೀಡಿನಲ್ಲಿ ಓಡುತ್ತಿತ್ತು.

ನಾಲ್ಕು ಪೋಲ್ ಮೋಟರ್, ಒಂದು ಸುತ್ತಿಗೆ ಕರೆಂಟಿನ ಎರಡು ಸೈಕಲ್ ಲೆಕ್ಕ. 1080ಕ್ಕೆ ವಿಎಫ್‌ಡಿಯಲ್ಲಿ 36ಕ್ಕಿಂತ ಚೂರು ಜಾಸ್ತಿ ಹರ್ಟ್ಸ್ ಬೇಕು. ಹಾಗಾಗಿ 34.5ರಿಂದ 38ರವರೆಗೆ ಸ್ಕಿಪ್ ಹಾಕಿಸಿದೆವು, ಅಂದರೆ ಆ ನಡುವಿನ ಸ್ಪೀಡಿನಲ್ಲಿ ಫ್ಯಾನ್ ಉಳಿಯದೆ ದಾಟಿಹೋಗುವ ಹಾಗೆ. ಬೇಸ್‌ಗೆ ಬಲ ಕೊಡುವ ಕೆಲಸ ಆಫ್ ಸೀಸನ್‌ಗೆ.

ಸ್ಕ್ರೀನಿನಲ್ಲಿ ಆ ಹೊಳೆಯುವ ಜಾಗ ತೋರಿಸಿದಾಗ ಫಿಟ್ಟರ್ ನಕ್ಕರು. "ಅದೇ ಅಲ್ವಾ ಸಾರ್ ನಾನು ಅವತ್ತು ಹೇಳಿದ್ದು?" ಅವರು ಕೈ ಇಟ್ಟು ನೋಡಿದ್ದರು, ಅಷ್ಟೇ. ಈಗ ನನ್ನ ನೋಟ್‌ಬುಕ್ಕಿನಲ್ಲಿ ಸೆನ್ಸರ್ ಎಲ್ಲಿಟ್ಟೆ ಎನ್ನುವುದಕ್ಕಿಂತ ಮೇಲೆ ಒಂದು ಸಾಲು ಇರುತ್ತದೆ: ಯಾವಾಗ ಅದುರುತ್ತೆ ಅಂದರು?