ಎರಡನೆಯ ಚಾನೆಲಿನ ಗೆರೆ ಎಲ್ಲಿ ಹೋಯಿತು?

ನನ್ನ ಬಳಿ ಎಂಬತ್ತರ ದಶಕದ, 20 ಮೆಗಾಹರ್ಟ್ಸ್ ಆಸಿಲೋಸ್ಕೋಪ್ ಇದೆ; ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ, ಚಾನೆಲಿಗೆ ಒಂದು ಗೆರೆಯಂತೆ ತೋರಿಸುವ ಉಪಕರಣ ಅದು. ಅದರ ಮೊದಲನೆಯ ಚಾನೆಲ್ ಚೆನ್ನಾಗಿಯೇ ನಡೆಯುತ್ತಿತ್ತು. ಎರಡನೆಯದರ ಗೆರೆ ಮಾತ್ರ ಪರದೆಯ ಮೇಲಂಚನ್ನು ದಾಟಿ ಕಾಣೆಯಾಗಿತ್ತು. ಪವರ್ ಸಪ್ಲೈ, ಕೊನೆಯ ಹಂತದ ಆಂಪ್ಲಿಫೈಯರ್ ಮತ್ತು ಪರದೆಯ ಟ್ಯೂಬ್ ಎರಡೂ ಚಾನೆಲ್‌ಗಳಿಗೆ ಸೇರಿದವಾದ್ದರಿಂದ ಅವುಗಳ ಮೇಲೆ ಅನುಮಾನಪಡಬೇಕಾಗಿರಲಿಲ್ಲ. ಇನ್‌ಪುಟ್ ಸ್ವಿಚ್ಚನ್ನು ಗ್ರೌಂಡಿಗೆ ಇಟ್ಟರೂ ಗೆರೆ ಇಳಿಯಲಿಲ್ಲ. ಇನ್‌ಪುಟ್ಟನ್ನು ತಗ್ಗಿಸುವ ಅಟೆನ್ಯುಯೇಟರಿನಲ್ಲಿರುವ ರೆಸಿಸ್ಟರು, ಕೆಪಾಸಿಟರುಗಳು ತಾವಾಗಿ ವೋಲ್ಟೇಜ್ ಹುಟ್ಟಿಸಲಾರವು. ಹಾಗಾಗಿ ದೋಷವಿರಬೇಕಾದದ್ದು ಗೆರೆಯನ್ನು ಮೇಲೆ ಕೆಳಗೆ ಓಡಿಸುವ, ಆ ಚಾನೆಲಿನದೇ ವರ್ಟಿಕಲ್ ಆಂಪ್ಲಿಫೈಯರಿನಲ್ಲಿ.

ಮುಚ್ಚಳ ತೆಗೆಯುವವರು ಒಂದನ್ನು ಮರೆಯಬಾರದು: ಟ್ಯೂಬಿಗೆ ಹೋಗುವ ಸುಮಾರು 2000 ವೋಲ್ಟ್, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ.

ವರ್ಟಿಕಲ್ ಆಂಪ್ಲಿಫೈಯರಿನ ಪ್ರತಿ ಹಂತದಲ್ಲೂ ಟ್ರಾನ್ಸಿಸ್ಟರುಗಳು ಜೋಡಿಯಾಗಿವೆ. ಒಂದು ಜೋಡಿಯ ಎರಡೂ ಬೇಸ್‌ಗಳನ್ನು (ಸಿಗ್ನಲ್ ಒಳಹೋಗುವ ಕಾಲುಗಳನ್ನು) ತಂತಿಯಿಂದ ಕೂಡಿಸಿದಾಗ ಗೆರೆ ನಡುವಿಗೆ ಬಂದರೆ, ಅಲ್ಲಿಂದ ಮುಂದಿನದೆಲ್ಲ ಸರಿಯಿದೆ ಎಂದು ತಿಳಿಯಬಹುದು. ಹೀಗೆ ಹಿಂದಕ್ಕೆ ಬರುತ್ತ ಮೊದಲನೆಯ ಜೋಡಿಯವರೆಗೂ ಗೆರೆ ನಡುವಿಗೇ ಬಂದದ್ದರಿಂದ, ಉಳಿದದ್ದು ಅದಕ್ಕೂ ಹಿಂದಿರುವ, ಜೆಫೆಟ್ ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರಿನ ಹಂತ ಒಂದೇ. ಜೆಫೆಟ್ಟಿನ ಗೇಟಿಗೆ, ಎಂದರೆ ಸಿಗ್ನಲ್ ಒಳಹೋಗುವ ಕಾಲಿಗೆ, ಹೋಗುವ ರೆಸಿಸ್ಟರಿನ ಒಂದು ತುದಿಯಲ್ಲಿ ಸೊನ್ನೆ ವೋಲ್ಟ್ ಇತ್ತು, ಇನ್ನೊಂದರಲ್ಲಿ 3 ವೋಲ್ಟಿಗೂ ಹೆಚ್ಚು. ಆರೋಗ್ಯವಾಗಿರುವ ಗೇಟ್ ಕರೆಂಟನ್ನೇ ಎಳೆಯುವುದಿಲ್ಲವಾದ್ದರಿಂದ ಎರಡೂ ತುದಿಗಳಲ್ಲಿ ಒಂದೇ ಅಳತೆ ಬರಬೇಕಿತ್ತು, ಮತ್ತು ಮೊದಲನೆಯ ಚಾನೆಲಿನಲ್ಲಿ ಹಾಗೆಯೇ ಬಂತು. ಸರ್ಕ್ಯೂಟ್ ನಕ್ಷೆ ಇಲ್ಲದ ನನಗೆ ಪಕ್ಕದ ಚಾನೆಲೇ ನಕ್ಷೆಯಾಯಿತು.

ಒಂದೇ ಲೋಹದ ಡಬ್ಬಿಯಲ್ಲಿ ಎರಡು ಜೆಫೆಟ್‌ಗಳಿದ್ದ, ಕೆಟ್ಟುಹೋಗಿದ್ದ ಆ ಬಿಡಿಭಾಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕಾಲೇಜು ಲ್ಯಾಬುಗಳಲ್ಲಿ ನಾವೆಲ್ಲ ಬಳಸಿದ ‘ಬಿಎಫ್‌ಡಬ್ಲ್ಯೂ 10’ ಎಂಬ ಬಿಡಿ ಜೆಫೆಟ್‌ಗಳನ್ನು ಹತ್ತು ತಂದು, ಗೇಟನ್ನು ಇನ್ನೊಂದು ಕಾಲಾದ ಸೋರ್ಸಿಗೆ ಸೇರಿಸಿ ಒಂದೊಂದರ ಕರೆಂಟನ್ನೂ ಅಳೆದು, ಅತಿ ಹತ್ತಿರವಿದ್ದ ಎರಡನ್ನು ಆರಿಸಿದೆ. ಎರಡೂ ಒಂದೇ ಬಿಸಿಯಲ್ಲಿರಲೆಂದು ಅವುಗಳ ನಡುವೆ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ, ತಾಮ್ರದ ತಂತಿಯಿಂದ ಬಿಗಿಯಾಗಿ ಸುತ್ತಿ ಬೆಸೆದೆ. ಈ ಕೆಲಸದಲ್ಲಿ ಅವಸರ ಮಾಡಿದರೆ, ಉಪಕರಣ ಬಿಸಿಯಾದಂತೆಲ್ಲ ಗೆರೆ ಜಾರುತ್ತಲೇ ಇರುತ್ತದೆ.

ಅರ್ಧ ಗಂಟೆ ಕಾಯಿಸಿ, ಗೆರೆ ತನ್ನ ಜಾಗದಲ್ಲೇ ನಿಲ್ಲುವಂತೆ ಡಿಸಿ ಬ್ಯಾಲೆನ್ಸ್ ಹೊಂದಿಸಿದೆ. ಬಳಿಕ ಪ್ರೋಬನ್ನು (ಅಳೆಯುವ ಕಡ್ಡಿಯನ್ನು) ಉಪಕರಣದಲ್ಲೇ ಇರುವ, ಪರೀಕ್ಷೆಗೆಂದು ಚೌಕ ಅಲೆ ಕೊಡುವ 1 ಕಿಲೋಹರ್ಟ್ಸ್ ಕ್ಯಾಲಿಬ್ರೇಟರಿಗೆ ಸಿಕ್ಕಿಸಿದಾಗ ಚೌಕ ಅಲೆಯ ಮೂಲೆಗಳು ಕೊಂಚ ದುಂಡಗಿದ್ದವು. ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಪ್ರೋಬಿನ ಟ್ರಿಮ್ಮರನ್ನು, ಎಂದರೆ ತಿರುಗಿಸಿ ಹೊಂದಿಸುವ ಪುಟ್ಟ ಕೆಪಾಸಿಟರನ್ನು, ಕೂದಲೆಳೆಯಷ್ಟು ತಿರುಗಿಸಿದೆ, ಮೂಲೆ ನೆಟ್ಟಗಾಯಿತು.